ದೇಹವನ್ನು ನಾಲ್ಕು ಗಂಟೆಯ ನಿದ್ದೆಗೆ ಒಗ್ಗಿಸುವುದು ಹೇಗೆ?

ಹಗಲು ಕುಮಟಾದಲ್ಲಿ ಬ್ಯಾಂಕಿನ ಕೆಲಸ, ರಾತ್ರಿ ಕೆಎಎಸ್ ಓದು, ನಡುವೆ ನಾಲ್ಕೇ ಗಂಟೆ ನಿದ್ದೆ ಎಂದು ಬರೆದಿದ್ದೀರಿ. ನಾನು ಒಗ್ಗಿಸಿಕೊಂಡಿದ್ದೇನೆ ಎಂದೇ ಒಂದು ಚಳಿಗಾಲವಿಡೀ ನಂಬಿದ್ದವನು.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಕೆಂಪಡಿಕೆ ಮಾಡುವವರಿಗೆ ಕೊಯ್ದ ಹಸಿ ಅಡಿಕೆಯನ್ನು ಬಹಳ ಹೊತ್ತು ಇಟ್ಟುಕೊಳ್ಳಲು ಬರುವುದಿಲ್ಲವಾದ್ದರಿಂದ, ಕೊನೆಕೊಯ್ಲು ಶುರುವಾಯಿತೆಂದರೆ ಊಟ ಮುಗಿಸಿ ಜಗಲಿಯಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವುದು ಮಧ್ಯರಾತ್ರಿ ಕಳೆದ ಮೇಲೆಯೇ. ಬೆಳಗಿನ ಜಾವ ಹಂಡೆಗೆ ಬೆಂಕಿ ಹಾಕಿ, ಅಡಿಕೆ ಬೇಯಿಸಿ, ನಾನು ಪೇಟೆಯ ಶಾಲೆಗೆ ಗಣಿತ ಕಲಿಸಲು ಓಡುತ್ತಿದ್ದೆ. ಮೊದಲ ವಾರ ತಲೆ ಭಾರ, ಕಣ್ಣುರಿ. ಎರಡನೆಯ ವಾರಕ್ಕೆ ಅವೆಲ್ಲ ಮಾಯವಾದವು, ರೂಢಿಯಾಯಿತು ಎಂದುಕೊಂಡೆ.

ನನ್ನನ್ನು ಕೆಡಿಸಿದ್ದು ಆ ತೀರ್ಮಾನವೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ 14 ದಿನ ರಾತ್ರಿ ನಾಲ್ಕು ಗಂಟೆ, ಕೆಲವರಿಗೆ ಆರು ಗಂಟೆ ಮಾತ್ರ ಮಲಗಲು ಬಿಟ್ಟಿದ್ದರು. ಅವರ ಎಚ್ಚರ ಮತ್ತು ಗಮನ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಆದರೆ ನಿದ್ದೆ ಬರುತ್ತಿದೆ ಎಂಬ ಅನಿಸಿಕೆ ಮಾತ್ರ ಕೆಲವು ದಿನ ಏರಿ, ಆಮೇಲೆ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು. ಅಂದರೆ ಒಗ್ಗಿಹೋದದ್ದು ದಣಿವಿನ ಅರಿವು ಮಾತ್ರ, ದಣಿವು ಒಳಗೆ ಬೆಳೆಯುತ್ತಲೇ ಇತ್ತು. ‘ನನಗೇನೂ ಆಗುತ್ತಿಲ್ಲ’ ಎಂಬ ನನ್ನ ಸಾಕ್ಷ್ಯವನ್ನು ನಾನೇ ನಂಬಿದ್ದೆ, ಸಾಕ್ಷಿ ಹೇಳುವ ಮಿದುಳೇ ನಿದ್ದೆಗೆಟ್ಟಿತ್ತು ಎಂಬುದು ಹೊಳೆಯಲಿಲ್ಲ. ಸಾಲದ್ದಕ್ಕೆ ಹತ್ತು ಗಂಟೆಯ ಮೇಲೆ ಖಡಕ್ ಚಹಾ ಬೇರೆ. ಅದರ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಹಾಗಾಗಿ ಸಿಕ್ಕಿದ ಅಷ್ಟಿಷ್ಟು ನಿದ್ದೆಯೂ ಗಾಢವಾಗುತ್ತಿರಲಿಲ್ಲ.

ಒಂದು ರಾತ್ರಿ ಮಾತಾಡುತ್ತ ಸುಲಿಯುತ್ತಿದ್ದಾಗ ಕೆಲವು ಕ್ಷಣ ಮಂಪರು ಕವಿಯಿತು. ಕಣ್ಣು ತೆರೆದೇ ಇತ್ತಂತೆ, ಎದುರು ಕುಳಿತ ಚಿಕ್ಕಪ್ಪ ಹೇಳಿದ್ದು. ಅಡಿಕೆಯನ್ನು ಒತ್ತಿದ ಕೈ ಹಾಗೆಯೇ ಅಲಗಿನ ಮೇಲೆ ಜಾರಿ, ಎಡಗೈ ತೋರುಬೆರಳಿನ ಸ್ನಾಯುರಜ್ಜು ಕತ್ತರಿಸಿತು. ಹೊಲಿಗೆ ಹಾಕಿಸಿದರೂ ಆ ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಆದ್ದರಿಂದ ಒಗ್ಗಿಸುವ ಉಪಾಯ ನನ್ನಲ್ಲಿಲ್ಲ. ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಾಗಬಾರದು ಎಂಬುದು ನಿದ್ರಾತಜ್ಞರ ಶಿಫಾರಸು. ದೀರ್ಘಕಾಲ ಅದಕ್ಕಿಂತ ಕಡಿಮೆ ಮಲಗುವವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಹೆಚ್ಚು. ನಡುರಾತ್ರಿ ಅವಲಕ್ಕಿ ಡಬ್ಬಿಗೆ ಕೈ ಹೋಗುತ್ತಿದ್ದುದನ್ನು ನಾನು ದುಡಿಮೆಯ ಹಸಿವೆಂದುಕೊಂಡಿದ್ದೆ. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಏರಿ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಇಳಿಯುವುದೂ ಇದೆ. (ವರ್ಷಕ್ಕೊಂದೆರಡು ಬಾರಿ ಬೆಳಗಿನವರೆಗೆ ಆಟ ನೋಡಿದರೆ ಏನೂ ಆಗುವುದಿಲ್ಲ, ಯಕ್ಷಗಾನವನ್ನು ಇದಕ್ಕೆ ಎಳೆಯಬೇಡಿ.)

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸದಲ್ಲಿ ನಿದ್ದೆಯ ಪಾತ್ರ ದೊಡ್ಡದು. ರಾತ್ರಿ ಒಂದರಿಂದ ಎರಡರವರೆಗೆ ಓದಿದ ಸಂವಿಧಾನದ ವಿಧಿಗಳು ವಾರ ಕಳೆದ ಮೇಲೆ ಎಷ್ಟು ಉಳಿದಿವೆ, ಪುಸ್ತಕ ಮುಚ್ಚಿ ಬರೆದು ನೋಡಿ. ಭಾನುವಾರ ಹೆಚ್ಚು ಮಲಗಿ ಸರಿದೂಗಿಸುವ ಲೆಕ್ಕವನ್ನೂ ಬಿಡಿ. ಹತ್ತೂವರೆಗೆ ಮಲಗಿ, ಐದೂವರೆಗೆ ಎದ್ದು, ಬ್ಯಾಂಕಿಗೆ ಹೋಗುವ ಮೊದಲು ಎರಡು ಗಂಟೆ ಓದಿ. ಅಷ್ಟರಲ್ಲಿ ಪಠ್ಯ ಮುಗಿಯದಿದ್ದರೆ ಈ ಸಲದ ಪರೀಕ್ಷೆಯನ್ನು ಬಿಟ್ಟು ಮುಂದಿನದಕ್ಕೆ ಕಟ್ಟಿ.