ಒರ್ವಿಯೆತೊ ಕೆಥೆಡ್ರಲ್: ಸಿನ್ಯೊರೆಲ್ಲಿ ಚಿತ್ರಗಳು ಬಲಗಡೆ ಇವೆ

ಇಟಲಿಯ ಒರ್ವಿಯೆತೊ ಕೆಥೆಡ್ರಲ್‌ಗೆ ಹೋಗಿಬಂದ ನೀವು, ‘ಚಿತ್ರಕಾರ ಸಿನ್ಯೊರೆಲ್ಲಿಯ ಅಂತಿಮ ತೀರ್ಪು (ಲೋಕದ ಕೊನೆಯಲ್ಲಿ ಕ್ರಿಸ್ತ ಎಲ್ಲರಿಗೂ ತೀರ್ಪು ಕೊಡುವ ಚಿತ್ರಗಳು) ಸಿಗಲಿಲ್ಲ, ಬರೀ ಪವಾಡದ ಚಿತ್ರಗಳಿದ್ದವು’ ಅಂದಿದ್ದೀರಲ್ವಾ. ನೀವು ಬಹುಶಃ ಎಡಗಡೆಯ ಚಾಪೆಲ್‌ಗೆ, ಅಂದರೆ ಕೆಥೆಡ್ರಲ್ ಒಳಗಿನ ಚಿಕ್ಕ ಪ್ರಾರ್ಥನಾ ಕೋಣೆಗೆ, ಹೋಗಿದ್ದೀರಿ. ಅದು ಬೊಲ್ಸೆನಾ ಪವಾಡದ (ಪೂಜೆಯ ರೊಟ್ಟಿಯಿಂದ ರಕ್ತ ಬಂತು ಅನ್ನುವ ಕಥೆ) ರಕ್ತದ ಕಲೆಯಿರುವ ಬಟ್ಟೆ ಇಟ್ಟಿರುವ ಜಾಗ.

ಈ ಸಲ ಬಲಿಪೀಠದ ಕಡೆ ನೇರ ನಡೆದು ಬಲಕ್ಕೆ ತಿರುಗಿ. ಅದೇ ಸ್ಯಾನ್ ಬ್ರಿಜಿಯೊ ಚಾಪೆಲ್. ಮೊದಲು ತಲೆ ಎತ್ತಿ ಚಾವಣಿ ನೋಡಿ. ಅಲ್ಲಿ ತೀರ್ಪು ಕೊಡುವ ಕ್ರಿಸ್ತನನ್ನು 1447ರಲ್ಲಿ ಬರೆದದ್ದು ಚಿತ್ರಕಾರ ಫ್ರಾ ಆಂಜೆಲಿಕೊ. ಅರ್ಧಕ್ಕೆ ನಿಂತ ಆ ಕೆಲಸವನ್ನು ಸಿನ್ಯೊರೆಲ್ಲಿ ಹಿಡಿದದ್ದು 1499ರಲ್ಲಿ, ಅಂದರೆ ಐವತ್ತು ವರ್ಷಕ್ಕೂ ಜಾಸ್ತಿ ಆದಮೇಲೆ!

ಆಮೇಲೆ ಗೋಡೆಗಳು. ಎಡಗೋಡೆಯ ಮೊದಲ ಚಿತ್ರ ಸುಳ್ಳು ಕ್ರಿಸ್ತನದು, ಅಂದರೆ ಲೋಕದ ಕೊನೆಗೆ ಮುಂಚೆ ಕ್ರಿಸ್ತನಂತೆ ಬಂದು ಜನರಿಗೆ ಮೋಸ ಮಾಡುವವನದು. ಅಲ್ಲಿ ಆತುರ ಬೇಡ. ಅದರ ಎಡ ಕೆಳಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು ನಿಂತಿದ್ದಾರೆ. ಒಬ್ಬ ಸಿನ್ಯೊರೆಲ್ಲಿ, ಪಕ್ಕದವನು ಫ್ರಾ ಆಂಜೆಲಿಕೊ ಅಂತ ಗುರುತಿಸುತ್ತಾರೆ. ಬಲಗೋಡೆಯಲ್ಲಿ ಸತ್ತವರು ನೆಲದಿಂದ ಎದ್ದು ಬರುತ್ತಾರೆ, ಅದರ ಪಕ್ಕದಲ್ಲೇ ನರಕ.