ಚಿಕ್ಕ ಹೋಟೆಲ್ ದೊಡ್ಡ ಜಾಗಕ್ಕೆ ಹೋದರೆ ರುಚಿ ಉಳಿಯುತ್ತಾ?

ನೀವು ಕೇಳಿದ್ದು ಇಷ್ಟು. ಮೈಸೂರಿನಲ್ಲಿ ನಿಮ್ಮ ತಂದೆ 22 ವರ್ಷದಿಂದ ಒಂದು ಚಿಕ್ಕ ಹೋಟೆಲ್ ನಡೆಸುತ್ತಿದ್ದಾರೆ. ಎರಡು ಬೀದಿ ಆಚೆ ಅದರ ನಾಲ್ಕರಷ್ಟು ದೊಡ್ಡ ಜಾಗ ಬಾಡಿಗೆಗೆ ಸಿಗುತ್ತಿದೆ. ನಿಮಗೆ ಹೋಗುವ ಆಸೆ. ರುಚಿ ಕೆಡುತ್ತದೆ, ಹಳೆಯ ಗಿರಾಕಿಗಳು ಬರುವುದು ಬಿಡುತ್ತಾರೆ ಅಂತ ಅವರಿಗೆ ಭಯ. ಹೋಗಬಹುದಾ, ಹೋದರೆ ಮೊದಲು ಏನು ನೋಡಬೇಕು?

ಹೋಗಬಹುದು. ಆದರೆ ಮೊದಲು ದೊಡ್ಡದಾಗಬೇಕಾದ್ದು ಅಡುಗೆಮನೆ. ಹಾಲ್ ಆಮೇಲೆ. ನಾವು ಇದನ್ನು ಹಿಂದುಮುಂದು ಮಾಡಿ ನಾಲ್ಕು ತಿಂಗಳು ಒದ್ದಾಡಿದೆವು. ನಿಮಗೆ ಆ ಕಷ್ಟ ಬೇಡ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಕುಂದಾಪುರದ ಕಡೆಯ ಮನೆ. ಅಪ್ಪ ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿಗೆ ಬಂದು ಲೋಟ ತೊಳೆದವರು. ಆಮೇಲೆ ಮಾಣಿಯಾದರು, ದೋಸೆ ಹುಯ್ಯಲು ಕಲಿತರು, ಕೊನೆಗೆ ಬಸವನಗುಡಿ ಕಡೆ ಒಂದೇ ಶಟರ್‌ನ ಸ್ವಂತ ಹೋಟೆಲ್ ಹಾಕಿದರು. ಒಳಗೆ ಆರು ಟೇಬಲ್, ಅಷ್ಟೆ. 2014ರ ಡಿಸೆಂಬರ್‌ನಲ್ಲಿ ಅದೇ ರಸ್ತೆಯಲ್ಲಿ ಇನ್ನೂರು ಹೆಜ್ಜೆ ಆಚೆಗಿನ ದೊಡ್ಡ ಜಾಗಕ್ಕೆ ಹೋದೆವು.

ಜಾಗ ನೋಡಲು ಹೋದ ದಿನ ನಾನು ಎಣಿಸಿದ್ದು ಸೀಟು. ಹಳೆಯದರಲ್ಲಿ 24, ಇಲ್ಲಿ 60 ಕೂರಿಸಬಹುದು ಅಂತ ಮನಸ್ಸಿನಲ್ಲೇ ಗುಣಿಸುತ್ತಾ ನಿಂತಿದ್ದೆ. ಅಪ್ಪ ನೇರ ಒಳಗೆ ಹೋದರು. ಹಿಂದಿನ ಗೋಡೆ ಮುಟ್ಟಿ, "ಹೊಗೆ ಎಲ್ಲಿಂದ ಹೋಗುತ್ತೆ?" ಅಂದರು. ನಲ್ಲಿ ತಿರುಗಿಸಿ ಒಂದು ಬೊಗಸೆ ನೀರು ಕುಡಿದರು. "ಇದು ಬೋರ್ ನೀರು. ಕಾಫಿಗೆ ಆಗಲ್ಲ" ಅಂದರು. ಆಗ ಅದು ವಯಸ್ಸಾದವರ ಅನುಮಾನ ಅನ್ನಿಸಿತ್ತು. ಈಗ ಯಾರಾದರೂ ನನ್ನನ್ನು ಜಾಗ ನೋಡಲು ಕರೆದರೆ ನಾನೂ ಮೊದಲು ಆ ಎರಡನ್ನೇ ನೋಡುತ್ತೇನೆ. ಗಡಸು ನೀರಿನಲ್ಲಿ ಡಿಕಾಕ್ಷನ್ ಮಂಕಾಗುತ್ತದೆ, ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಕಾವೇರಿ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಸಂಪ್ ಎಷ್ಟು ದೊಡ್ಡದು ಅಂತ ಕೇಳಿಯೇ ಅಡ್ವಾನ್ಸ್ ಕೊಡಿ.

ಸೀಟಿನ ಲೆಕ್ಕದಲ್ಲಿ ನಾನು ಎಡವಿದ್ದು ಎಲ್ಲಿ ಅಂದರೆ, ದೋಸೆ ಕಲ್ಲನ್ನು ಮರೆತಿದ್ದೆ. ನಮ್ಮ ಕಲ್ಲಿನ ಮೇಲೆ ಒಂದು ಸುತ್ತಿಗೆ ಎಂಟು ದೋಸೆ. ಹುಯ್ದು, ಎಣ್ಣೆ ಬಿಟ್ಟು, ಪಲ್ಯ ಇಟ್ಟು ಮಡಚಿ, ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿ, ಕಲ್ಲು ಮತ್ತೆ ಹದಕ್ಕೆ ಬರಲು ಆರು ನಿಮಿಷ. ಗಂಟೆಗೆ 80 ದೋಸೆ. ಅರವತ್ತು ಜನ ಒಟ್ಟಿಗೆ ಕೂತು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಹೋದರೆ ಗಂಟೆಗೆ 180 ಜನ. ಅರ್ಧ ಜನ ದೋಸೆ ಕೇಳಿದರೂ ಕಲ್ಲು ಸಾಲದು. ಮೊದಲ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹಾಲ್ ತುಂಬಿತು. ಮಾಣಿಗಳು ಒಳಗೆ ಬಂದು "ಎಂಟನೇ ಟೇಬಲ್ ಬೇಗ, ಬೇಗ" ಅನ್ನುವುದು. ಭಟ್ಟರು ಕಲ್ಲು ಕಾಯುವ ಮೊದಲೇ ಹುಯ್ದರು. ದೋಸೆ ಬಿಳಿಚಿಕೊಂಡು ಬಂತು, ಅಂಚು ಎದ್ದೇಳಲಿಲ್ಲ. ಹಿಟ್ಟು ಅದೇ, ಎಣ್ಣೆ ಅದೇ, ಕೈಯೂ ಅದೇ. ಆತುರ ಒಂದೇ ಹೊಸದು. "ದೊಡ್ಡದಾದ ಮೇಲೆ ರುಚಿ ಹೋಯ್ತು" ಅಂತ ಜನ ಹೇಳುವಾಗ ನಡೆದಿರುವುದು ಬಹಳ ಸಲ ಇಷ್ಟೇ. ಮುಂದಿನ ವಾರ ಇಪ್ಪತ್ತು ಕುರ್ಚಿ ಎತ್ತಿ ಮೇಲಿನ ಕೋಣೆಗೆ ಹಾಕಿದೆವು. ಎರಡನೇ ಕಲ್ಲು ಬಂದು ಅದು ಪಳಗಿದ ಮೇಲೆ ಒಂದೊಂದಾಗಿ ಇಳಿಸಿದೆವು.

ಕಲ್ಲು ಪಳಗಬೇಕು, ಇದು ನಿಮ್ಮ ತಂದೆಗೆ ಗೊತ್ತೇ ಇರುತ್ತದೆ. ಹೊಸ ಕಲ್ಲು ದೋಸೆ ಬಿಡುವುದಿಲ್ಲ, ಹಿಡಿದುಕೊಳ್ಳುತ್ತದೆ. ದಿನಾ ಕಾಯಿಸಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಕೆಟ್ಟ ದೋಸೆ ತೆಗೆದು ತೆಗೆದು ಅದು ದಾರಿಗೆ ಬರಲು ನಮಗೆ ಹದಿನೈದು ದಿನ ಹಿಡಿಯಿತು. ಹಳೆಯ ಕಲ್ಲನ್ನು ಮಾತ್ರ ಬಿಟ್ಟು ಬರಲಿಲ್ಲ. ಕೊನೆಯ ದಿನ ರಾತ್ರಿ ಹತ್ತರ ಮೇಲೆ, ಅದು ತಣಿದ ಮೇಲೆ, ನಾಲ್ಕು ಜನ ಗೋಣಿಚೀಲ ಸುತ್ತಿ ಎತ್ತಿ ತಳ್ಳುಗಾಡಿಗೆ ಹಾಕಿದೆವು. ಅಪ್ಪ ಪಕ್ಕದಲ್ಲೇ ನಡೆದರು, ಒಂದು ಕೈ ಕಲ್ಲಿನ ಮೇಲೆ. ರಸ್ತೆಯಲ್ಲಿ ಒಂದು ಹಂಪ್ ಬಂದಾಗ "ಮೆಲ್ಲಗೆ, ಮೆಲ್ಲಗೆ" ಅಂದರು. ಆ ಕಲ್ಲು ಇವತ್ತಿಗೂ ಎಡಗಡೆ ಇದೆ. ಬೆಣ್ಣೆ ಮಸಾಲೆ ಅದರ ಮೇಲೇ.

ಹಿಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಅಡುಗೆಮನೆ ಇಕ್ಕಟ್ಟು. ಹಿಟ್ಟಿನ ಪಾತ್ರೆ ಒಲೆಯ ಮಗ್ಗುಲಲ್ಲೇ ಇರುತ್ತಿತ್ತು, ರಾತ್ರಿಯೆಲ್ಲ ಆ ಗೋಡೆ ಬೆಚ್ಚಗಿರುತ್ತಿತ್ತು. ಹೊಸದರಲ್ಲಿ ಎತ್ತರದ ಸೂರು, ಟೈಲ್ಸ್, ದೊಡ್ಡ ಕಿಟಕಿ. ಡಿಸೆಂಬರ್ ಚಳಿ. ಮೊದಲ ಬೆಳಗ್ಗೆ ಹಿಟ್ಟು ಇಟ್ಟ ಗುರುತಿನಿಂದ ಎರಡು ಬೆರಳೂ ಮೇಲೆ ಬಂದಿರಲಿಲ್ಲ. ಆದರೂ ಇಡ್ಲಿ ಬೇಯಿಸಿದೆವು. ಅಪ್ಪ ಒಂದನ್ನು ಮುರಿದರು. ಒಳಗೆ ಕಣ್ಣು ಬಿಟ್ಟಿರಲಿಲ್ಲ, ಮುದ್ದೆಯಂತೆ ಅಂಟಿಕೊಂಡಿತ್ತು. ತಟ್ಟೆ ಕೆಳಗಿಟ್ಟು, "ಇವತ್ತು ಇಡ್ಲಿ ಇಲ್ಲ ಅಂತ ಬರೆದು ಹಾಕು" ಅಂದರು. ಉದ್ಘಾಟನೆಯ ದಿನ ಅದು. ನನಗೆ ಅಳು ಬಂದಿತ್ತು.

ಮಾರ್ಚ್‌ನಲ್ಲಿ ಇದಕ್ಕೆ ಉಲ್ಟಾ. ದೊಡ್ಡ ಗ್ರೈಂಡರ್‌ನಲ್ಲಿ ಒಂದೇ ಸಲ ಜಾಸ್ತಿ ಉದ್ದು ಹಾಕಿ ರುಬ್ಬಿದರೆ, ಆಗುವಷ್ಟರಲ್ಲಿ ಹಿಟ್ಟೇ ಬೆಚ್ಚಗಾಗಿರುತ್ತದೆ. ಅದನ್ನು ಒಂದೇ ದೊಡ್ಡ ಡ್ರಮ್ಮಿಗೆ ಸುರಿದರೆ ನಡುವಿನ ಬಿಸಿ ಹೊರಗೆ ಹೋಗುವುದೇ ಇಲ್ಲ. ಬೆಳಗ್ಗೆ ಮುಚ್ಚಳ ತೆಗೆದರೆ ಮೂಗಿಗೆ ಹುಳಿ ಹೊಡೆಯುತ್ತದೆ. ಈಗ ನಾವು ಫ್ರಿಜ್ ನೀರು ಹಾಕಿ ರುಬ್ಬುತ್ತೇವೆ, ನಾಲ್ಕು ಚಿಕ್ಕ ಪಾತ್ರೆಗಳಲ್ಲಿ ಹಂಚಿ ಇಡುತ್ತೇವೆ. ಚಳಿಗಾಲದಲ್ಲಿ ಒಲೆಯ ಗೋಡೆಗೆ, ಬೇಸಿಗೆಯಲ್ಲಿ ಕಿಟಕಿಯ ಕಡೆಗೆ.

ಸಾಂಬಾರೂ ಹಾಗೇ. ಹತ್ತು ಲೀಟರಿನ ಲೆಕ್ಕವನ್ನು ಐದರಿಂದ ಗುಣಿಸಿದರೆ ಐವತ್ತು ಲೀಟರಿನ ಸಾಂಬಾರ್ ಆಗುವುದಿಲ್ಲ. ದೊಡ್ಡ ಕೊಳದಪ್ಪಲೆಯಲ್ಲಿ ಅಷ್ಟು ನೀರು ಇಂಗುವುದಿಲ್ಲ, ತೆಳ್ಳಗೆ ನಿಲ್ಲುತ್ತದೆ. ನೀರು ಕಡಿಮೆ ಇಡಿ. ಉಪ್ಪು, ಹುಣಸೆ, ಖಾರದ ಪುಡಿ ಲೆಕ್ಕದ ಮುಕ್ಕಾಲು ಭಾಗ ಹಾಕಿ, ಬಾಕಿ ನಾಲಿಗೆ ಹೇಳಿದಂತೆ. ಸಾಧ್ಯವಾದರೆ ಬೆಳಗ್ಗೆ ಐದಕ್ಕೆ ಒಂದು ಸಲ, ಒಂಬತ್ತಕ್ಕೆ ಇನ್ನೊಂದು ಸಲ ಮಾಡಿ.

ನಿಮ್ಮ ತಂದೆಗೆ ಧೈರ್ಯ ಬರಲು ಒಂದು ದೊಡ್ಡ ಉದಾಹರಣೆ ಹೇಳಿ. ಎಂಟಿಆರ್ ಶುರುವಾಗಿದ್ದು 1924ರಲ್ಲಿ, ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರಿಂದ, ಬೆಂಗಳೂರಿನ ಲಾಲ್‌ಬಾಗ್ ಫೋರ್ಟ್ ರಸ್ತೆಯ ಒಂದು ಸಣ್ಣ ಕಾಫಿ ಹೋಟೆಲ್ ಆಗಿ. ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಹೆಸರಾದದ್ದು 1960ರಲ್ಲಿ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ನಡುವಿನ ಒಂದು ವರ್ಷ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲ್‌ಗಳು ಹೇಗೆ ನಡೆಯುತ್ತವೆ ಅಂತ ನೋಡಿ ಬಂದರು. ಬಂದು ಮಾಡಿದ್ದು ಅಡುಗೆಮನೆಯ ಶುಚಿ, ಪಾತ್ರೆ ಲೋಟಗಳನ್ನು ಬಿಸಿಯಲ್ಲಿ ತೊಳೆಯುವ ಕ್ರಮ. ದೊಡ್ಡ ಜಾಗ ಬಂದದ್ದು ಅದರ ನಂತರ. ಒಳಗೆ ಬರುವ ಗಿರಾಕಿ ಅಡುಗೆಮನೆಯನ್ನು ನೋಡಬಹುದು ಅನ್ನುವುದು ಅವರ ಹೆಮ್ಮೆಯಾಗಿತ್ತು. ಹೊಸ ಜಾಗದಲ್ಲಿ ನೀವೂ ಅಡುಗೆಮನೆಗೆ ಒಂದು ಗಾಜಿನ ಗೋಡೆ ಇಡಿ ಅಂತ ನನ್ನ ಆಸೆ.

ಹೋಗದೇ ಇರುವುದೂ ತಪ್ಪಲ್ಲ. ಬೆಂಗಳೂರಿನ ವಿದ್ಯಾರ್ಥಿ ಭವನ ಹೋಟೆಲ್ 1943ರಿಂದ ಗಾಂಧಿ ಬಜಾರಿನಲ್ಲೇ ಇದೆ, ಜನ ಬಾಗಿಲ ಹೊರಗೆ ಕಾದು ನಿಂತು ತಿನ್ನುತ್ತಾರೆ. ಆದರೆ ನಿಮ್ಮಲ್ಲಿ ಒಳಗೆ ಕೆಲಸ ಮಾಡುವವರಿಗೆ ಬೆನ್ನು ನೆಟ್ಟಗೆ ಮಾಡಲು ಜಾಗವಿಲ್ಲ ಅಂತ ಬರೆದಿದ್ದೀರಲ್ಲ, ಅದು ನನಗೆ ದೊಡ್ಡ ಕಾರಣ. ಹೊಸದರಲ್ಲಿ ಅವರಿಗೆ ಒಂದು ಕೋಣೆ, ಒಂದು ಬಚ್ಚಲು ಮೊದಲೇ ತೆಗೆದಿಡಿ. ಭಟ್ಟರು ಬಿಟ್ಟು ಹೋದರೆ ಜಾಗ ಎಷ್ಟು ದೊಡ್ಡದಿದ್ದೂ ಏನು?

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. 11 ತಿಂಗಳ ಕರಾರಿಗೆ ಒಪ್ಪಬೇಡಿ. ನಾವು ನಂಬಿಕೆಯ ಮೇಲೆ ಹಾಗೆ ಮಾಡಿಕೊಂಡು, ವರ್ಷ ತುಂಬುವ ಮೊದಲೇ ಕಟ್ಟಡದವರು ಬಾಡಿಗೆ ಜಾಸ್ತಿ ಕೇಳಿದಾಗ ಕೈಕೈ ಹಿಸುಕಿಕೊಂಡೆವು. ಚಿಮಣಿಗೆ, ಟೈಲ್ಸ್‌ಗೆ ದುಡ್ಡು ಸುರಿದಾಗಿತ್ತು. ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ರಿಜಿಸ್ಟರ್ ಆಗಲೇಬೇಕು. ಖರ್ಚಾದರೂ ಮಾಡಿಸಿ. ತಿಂಗಳ ಬಾಡಿಗೆ ಮೂರು ದಿನದ ಗಲ್ಲಾದಲ್ಲಿ ಹುಟ್ಟಬೇಕು, ಇದು ಅಪ್ಪನ ಲೆಕ್ಕ. ಬಾಡಿಗೆಯ ಮೇಲೆ 18% ಜಿಎಸ್‌ಟಿ ಬರುತ್ತದಾ ಅಂತ ನಿಮ್ಮ ಆಡಿಟರ್‌ನ ಕೇಳಿ. ನಮ್ಮಂತೆ 5% ಕಟ್ಟುವ ಹೋಟೆಲ್‌ಗೆ ಆ ದುಡ್ಡು ವಾಪಸ್ ಸಿಗುವುದಿಲ್ಲ, ಅದನ್ನೂ ಬಾಡಿಗೆ ಅಂತಲೇ ಎಣಿಸಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಜಾಗಕ್ಕೆ ಕೊಡುವುದು, ಹಳೆಯದು ಹೊಸ ವಿಳಾಸಕ್ಕೆ ನಡೆಯುವುದಿಲ್ಲ. ಒಲೆ ಹಚ್ಚುವ ಮೊದಲೇ ಹೊಸದು ಕೈಯಲ್ಲಿರಲಿ. 19 ಕೆಜಿಯ ಸಿಲಿಂಡರ್ ಐದು ಇಟ್ಟರೆ 95 ಕೆಜಿ. ಗ್ಯಾಸ್ 100 ಕೆಜಿ ದಾಟಿದರೆ ಅದಕ್ಕೇ ಬೇರೆ ಲೈಸೆನ್ಸ್.

ಮೆನು ಬೆಳೆಸಬೇಡಿ. ಜಾಗ ದೊಡ್ಡದಾಯಿತು ಅಂತ ಗೋಬಿ ಮಂಚೂರಿ, ರೋಟಿ ಕರಿ ಎಲ್ಲ ಸೇರಿಸಿದರೆ ಹಿಟ್ಟು ನೋಡಬೇಕಾದ ಕಣ್ಣು ಬೇರೆ ಕಡೆ ಹೋಗುತ್ತದೆ. ಆರು ತಿಂಗಳು ಅದೇ ತಿಂಡಿ, ಅದೇ ಚಟ್ನಿ.

ಇನ್ನು ಹಳೆಯ ಗಿರಾಕಿಗಳು. ನಮ್ಮಲ್ಲಿಗೆ ಒಬ್ಬರು ನಿವೃತ್ತ ಮೇಷ್ಟ್ರು ದಿನಾ ಬೆಳಗ್ಗೆ ಆರೂವರೆಗೆ ಬರುತ್ತಿದ್ದರು. ಟೇಬಲ್‌ಗೆ ಕೂರುತ್ತಿರಲಿಲ್ಲ. ಗಲ್ಲಾದ ಪಕ್ಕದ ಕಟ್ಟೆಯ ಮೇಲೆ ಲೋಟ ಇಟ್ಟು, ಪೇಪರ್ ಓದುತ್ತಾ ಅಪ್ಪನ ಜೊತೆ ಮಾತಾಡುತ್ತಾ ಕಾಫಿ ಕುಡಿಯುತ್ತಿದ್ದರು. ಹೊಸ ಹೋಟೆಲ್‌ಗೆ ಬಂದವರು ಬಾಗಿಲಲ್ಲೇ ನಿಂತರು. ಅಷ್ಟು ಟೇಬಲ್ ಖಾಲಿ ಇದ್ದರೂ ಎಲ್ಲಿ ಹೋಗಬೇಕು ಅಂತ ಅವರಿಗೆ ತಿಳಿಯಲಿಲ್ಲ. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಅಂದೆ. ಕೂತರು, ಕಾಫಿ ಕುಡಿದರು, ಎರಡು ವಾರ ಮತ್ತೆ ಬರಲಿಲ್ಲ. ಅಪ್ಪ ಬಡಗಿಯನ್ನು ಕರೆಸಿ ಗಲ್ಲಾದ ಎಡಕ್ಕೆ, ಹಳೆಯ ಕಟ್ಟೆಯಷ್ಟೇ ಎತ್ತರಕ್ಕೆ, ಒಂದು ಹಲಗೆ ಹೊಡೆಸಿದರು. ಮೇಷ್ಟ್ರ ಮನೆಗೆ ತಾವೇ ಹೋಗಿ ಕರೆದು ತಂದರು. ಅವರು ಹಲಗೆ ನೋಡಿ ಏನೂ ಹೇಳಲಿಲ್ಲ. ಪೇಪರ್ ಬಿಚ್ಚಿ ಅದರ ಮೇಲೆ ಹರಡಿದರು.

ಈಗ ಯಾವಾಗ ಹೋಗಬೇಕು ಅನ್ನುವುದು. ಆಷಾಢದಲ್ಲಿ ಯಾರೂ ಹೊಸ ಅಂಗಡಿ ತೆರೆಯುವುದಿಲ್ಲ ಅಲ್ವಾ? ನೀವು ಆ ತಿಂಗಳನ್ನೇ ಬಳಸಿಕೊಳ್ಳಿ. ಅದಕ್ಕೆ ಮೊದಲೇ ಒಳ್ಳೆಯ ದಿನ ನೋಡಿ ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿ. ಹಳೆಯ ಹೋಟೆಲ್ ನಡೆಯುತ್ತಲೇ ಇರಲಿ. ರಾತ್ರಿ ಹೊಸ ಜಾಗದಲ್ಲಿ ಹಿಟ್ಟು ರುಬ್ಬಿ, ಬೆಳಗ್ಗೆ ಅಲ್ಲೇ ಇಡ್ಲಿ ಬೇಯಿಸಿ, ಹಳೆಯದಕ್ಕೆ ತಂದು ಬಡಿಸಿ. ಎರಡು ಬೀದಿ ತಾನೇ, ಬಿಸಿ ಆರುವುದಿಲ್ಲ. ಮೊದಲು ಕೆಲವರು ಮುಖ ನೋಡುತ್ತಾರೆ, ಇವತ್ತು ಏನೋ ಬೇರೆ ಇದೆಯಲ್ಲ ಅನ್ನುತ್ತಾರೆ. ದಿನ ಕಳೆದಂತೆ ಯಾರೂ ಏನೂ ಕೇಳದೆ ತಿಂದು ಹೋಗುತ್ತಾರೆ. ಆಮೇಲೆ ಒಂದು ಬೆಳಗ್ಗೆ ನಿಮ್ಮ ತಂದೆ ತಾವೇ ಒಂದು ಇಡ್ಲಿ ಮುರಿದು ಬಾಯಿಗಿಟ್ಟು "ಆಯ್ತು" ಅನ್ನಲಿ. ಆ ವಾರ ಹಳೆಯ ಶಟರ್ ಮೇಲೆ ಹೊಸ ವಿಳಾಸದ ಬೋರ್ಡ್ ಹಾಕಿ.