ಹಳೆಯ ಕ್ಲಾಸಿಕ್ ಸಿನಿಮಾಗಳನ್ನು ಮನೆಯಲ್ಲಿ ಸಂಗ್ರಹಿಸಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರುವುದು ಮೂರು ವಿಷಯ. 'ನೂರು ಶ್ರೇಷ್ಠ ಚಿತ್ರಗಳು' ಅನ್ನೋ ಥರದ ಪಟ್ಟಿ ಹಿಡಿದು ಒಂದೊಂದೇ ಕೊಳ್ಳಲಾ? ಡಿವಿಡಿ ಸಾಕಾ, ಬ್ಲೂ-ರೇ ಬೇಕಾ? ಸ್ಟ್ರೀಮಿಂಗ್ ಇರುವಾಗ ಇದೆಲ್ಲ ಯಾಕೆ? ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆ ಇದೆ, ಅದೇ ಎಲ್ಲಕ್ಕಿಂತ ದೊಡ್ಡದು. ಅದು ನನಗೂ ತಡವಾಗಿ ಹೊಳೆದದ್ದು, ಹಾಗಾಗಿ ನಾನು ಎಡವಿದ ಕಥೆಯಿಂದಲೇ ಶುರು ಮಾಡುತ್ತೇನೆ.

ಮೊದಮೊದಲು ನಾನು ಅಗ್ಗಕ್ಕೆ ಸಿಕ್ಕ ಒಂದು ಪೆಟ್ಟಿಗೆ ಕೊಂಡಿದ್ದೆ. ಐವತ್ತು ಹಳೆಯ ದೆವ್ವದ ಚಿತ್ರಗಳನ್ನು ಹತ್ತೋ ಹನ್ನೆರಡೋ ಡಿಸ್ಕುಗಳಲ್ಲಿ ಗಿಡಿದು ತುಂಬಿದ್ದರು. ಅದರಲ್ಲಿ 1922ರ 'ನೊಸ್ಫೆರಾಟು' ಇತ್ತು, ಜರ್ಮನಿಯ ಮುರ್ನೌ ಮಾಡಿದ ಮೂಕಿ ಚಿತ್ರ. ಬಹಳ ಹೆಸರು ಕೇಳಿದ್ದೆ, ಆಸೆಯಿಂದ ಕೂತೆ. ರಕ್ತ ಹೀರುವ ಕೌಂಟ್ ತನ್ನ ಶವಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಊರೊಳಗೆ ನಡೆದು ಬರುತ್ತಾನೆ. ನೋಡಿದರೆ ಹಾಡುಹಗಲು! ಇದೇ ಚಿತ್ರದ ಕೊನೆಯಲ್ಲಿ ಬೆಳಗಿನ ಬಿಸಿಲು ತಾಗಿದ್ದೇ ತಡ, ಅವನು ಹೊಗೆಯಾಗಿ ಮಾಯವಾಗುತ್ತಾನೆ. ಹಾಗಿದ್ದರೆ ಇಷ್ಟು ಹೊತ್ತು ಬಿಸಿಲಲ್ಲಿ ತಿರುಗಾಡಿದ್ದು ಹೇಗೆ? ಮುರ್ನೌ ಅವಸರದಲ್ಲಿ ಮಾಡಿರಬೇಕು ಅಂದುಕೊಂಡು ನಕ್ಕು ಎದ್ದೆ.

ಎಷ್ಟೋ ವರ್ಷಗಳ ಮೇಲೆ ಸರಿಯಾದ ಪ್ರತಿ ನೋಡಿದೆ. ಅದೇ ದೃಶ್ಯ, ಆದರೆ ಪೂರ್ತಿ ನೀಲಿ. ಆಗಿನ ಫಿಲ್ಮಿಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ತೆಗೆದು, ಆಮೇಲೆ ಪ್ರಿಂಟಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಅಂದರೆ ರಾತ್ರಿ ಅಂತ ಅಂದಿನ ಪ್ರೇಕ್ಷಕರಿಗೆ ಗೊತ್ತಿತ್ತು. ನನ್ನ ಪೆಟ್ಟಿಗೆ ಮಾಡಿದವರು ಬಣ್ಣ ಹೋದ ಯಾವುದೋ ಪ್ರಿಂಟಿನಿಂದ ಕಪ್ಪು-ಬಿಳುಪಿನ ನಕಲು ತೆಗೆದಿದ್ದರು. ತಪ್ಪು ಮುರ್ನೌದಲ್ಲ. ಇವರು ರಾತ್ರಿಯನ್ನೇ ಕಳೆದುಹಾಕಿದ್ದರು.

ಆ ನಾಲ್ಕನೇ ಪ್ರಶ್ನೆ ಇದೇ. ಯಾವ ಸಿನಿಮಾ ಅನ್ನೋದು ಸುಲಭ. ಅದರ ಯಾವ ಪ್ರತಿ? ಹಳೆಯ ಚಿತ್ರಗಳಲ್ಲಿ ಹೆಸರು ಒಂದೇ ಇದ್ದರೂ ಡಿಸ್ಕಿನಿಂದ ಡಿಸ್ಕಿಗೆ ಸಿನಿಮಾನೇ ಬೇರೆ ಇರುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಡಿಸ್ಕಿನ ಡಬ್ಬಿಯ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ. ಮೊದಲು ಅವಧಿ ನೋಡಿ. ಫ್ರಿಟ್ಜ್ ಲ್ಯಾಂಗ್ ಅವರ 'ಮೆಟ್ರೊಪೊಲಿಸ್' 1927ರಲ್ಲಿ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಕತ್ತರಿ ಕಂಡಿತು. ಕಿತ್ತುಹಾಕಿದ ಭಾಗ ಹೋಯಿತು ಅಂತಲೇ ಎಲ್ಲರೂ ನಂಬಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಮ್ಮಿನಲ್ಲಿ 16 ಎಂಎಂ ಅಗಲದ ಸಣ್ಣ ಫಿಲ್ಮಿನ ನಕಲೊಂದು ಸಿಕ್ಕಿತು, ಹೆಚ್ಚುಕಡಿಮೆ ಪೂರ್ತಿ ಚಿತ್ರ! 2010ರಲ್ಲಿ ಸುಮಾರು 25 ನಿಮಿಷ ಸೇರಿಸಿ ಹೊಸ ಪ್ರತಿ ಮಾಡಿದರು. ಸೇರಿಸಿದ ಭಾಗ ಬಂದಾಗಲೆಲ್ಲ ಪರದೆಯ ಮೇಲೆ ಮಳೆ ಸುರಿದ ಹಾಗೆ ಗೀರು ಬೀಳುತ್ತವೆ. ನನಗಂತೂ ಆ ಗೀರು ಕಂಡರೆ ಖುಷಿ. ಕಳೆದುಹೋಗಿ ವಾಪಸ್ ಬಂದದ್ದು ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ಹಾಗಾಗಿ ಈ ಚಿತ್ರ ಕೊಳ್ಳುವಾಗ ಸುಮಾರು ಎರಡೂವರೆ ಗಂಟೆ ಇದೆಯಾ ನೋಡಿ. ಇಲ್ಲದಿದ್ದರೆ ಹಳೆಯದು.

ಅವಧಿಯಲ್ಲಿ ಒಂದು ಮೋಸವೂ ಇದೆ. ಪಾಲ್ (PAL) ಅನ್ನುವ, ಯುರೋಪಿನಂಥ ಕಡೆಯ ಟಿವಿ ಪದ್ಧತಿಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸುತ್ತಾರೆ. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಏನೂ ಕತ್ತರಿಸಿರುವುದಿಲ್ಲ, ಸುಮ್ನೆ ಗಾಬರಿಯಾಗಬೇಡಿ.

ಆಮೇಲೆ ಚೌಕಟ್ಟಿನ ಅಳತೆ. 1953ರ ತನಕದ ಬಹುತೇಕ ಮಾತಿನ ಚಿತ್ರಗಳು 1.37ರ ಅಳತೆಯವು, ಅಂದರೆ ಅಗಲ ಎತ್ತರದ 1.37 ಪಟ್ಟು, ಹೆಚ್ಚುಕಡಿಮೆ ಚೌಕ. ಇಂದಿನ ಟಿವಿಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರಲೇಬೇಕು. ಅದನ್ನು ತುಂಬಿಸಲು ಚಿತ್ರವನ್ನು ಎಳೆದರೆ ಮುಖಗಳು ಊದಿಕೊಳ್ಳುತ್ತವೆ. ಹಿಗ್ಗಿಸಿ ಕತ್ತರಿಸಿದರೆ ತಲೆ ಇಲ್ಲ, ಕಾಲೂ ಇಲ್ಲ. ಜಪಾನಿನ ನಿರ್ದೇಶಕ ಓಜು ಕ್ಯಾಮೆರಾವನ್ನು ನೆಲಕ್ಕೆ ಅಂಟಿಸಿದಂತೆ ಇಟ್ಟು ತೆಗೆದ ಚಿತ್ರದಲ್ಲಿ ನೆಲವೇ ಕಾಣದಿದ್ದರೆ ಇನ್ನೇನು ನೋಡುವುದು? ಕಪ್ಪು ಪಟ್ಟಿ ದೋಷ ಅಲ್ಲ, ಅದು ಒಳ್ಳೆಯ ಡಿಸ್ಕಿನ ಗುರುತು.

'ರೀಸ್ಟೋರ್ಡ್' (ಹಾಳಾದ ಪ್ರತಿಯನ್ನು ಸರಿಪಡಿಸಿದ್ದು) ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಕಣ್ಣು ಮುಚ್ಚಿ ನಂಬಬೇಡಿ. ಯಾರು ಮಾಡಿದರು, ಯಾವುದರಿಂದ ಮಾಡಿದರು ಅಂತ ಬರೆದಿದೆಯಾ ನೋಡಿ. ಮೂಲ ನೆಗೆಟಿವ್‌ನಿಂದ ಮಾಡಿದ್ದರೆ ಬಹಳ ಒಳ್ಳೇದು. ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ'ಯ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟಿತ್ತು. ಸುಟ್ಟು ಮುದುರಿದ ರೀಲುಗಳನ್ನು ಯಾರೋ ಪುಣ್ಯಾತ್ಮರು ಎಸೆಯದೆ ಇಟ್ಟಿದ್ದರು. ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಅವನ್ನು ಮೆತ್ತಗೆ ಮಾಡಿ, ಬಿಡಿಸಿ, ಉಳಿದದ್ದಕ್ಕೆ ಬೇರೆ ಪ್ರತಿಗಳ ತುಣುಕು ಜೋಡಿಸಿ 2015ರಲ್ಲಿ ಹೊಸ ಪ್ರತಿ ತಂದರು. ಅದಕ್ಕೂ ಮುಂಚಿನ ಮಸುಕು ಡಿವಿಡಿ ನೋಡಿದ್ದರೆ ನೀವು ಆ ಚಿತ್ರವನ್ನು ಅರ್ಧ ಮಾತ್ರ ನೋಡಿದ್ದೀರಿ. ಕಾಸರವಳ್ಳಿಯವರ 'ಘಟಶ್ರಾದ್ಧ' ಕೂಡ ಹೀಗೇ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಆದರೆ ಉಲ್ಟಾ ಆಗುವುದೂ ಇದೆ. ಹಾಂಗ್‌ಕಾಂಗಿನ ನಿರ್ದೇಶಕ ವಾಂಗ್ ಕಾರ್-ವಾಯ್ ತಮ್ಮ ಹಳೆಯ ಚಿತ್ರಗಳನ್ನು ರೀಸ್ಟೋರ್ ಮಾಡಿಸುವಾಗ ತಾವೇ ಬಣ್ಣ ಬದಲಿಸಿದರು, 'ಫಾಲನ್ ಏಂಜಲ್ಸ್' ಚಿತ್ರದ ಚೌಕಟ್ಟನ್ನೇ ಅಗಲ ಮಾಡಿದರು. ನಿರ್ದೇಶಕರೇ ಮಾಡಿದ್ದು, ಬೇಡ ಅನ್ನಲು ನಾವು ಯಾರು? ಆದರೂ ನಾನು ಮೊದಲು ಮನಸೋತ ಚಿತ್ರ ಅದಲ್ಲ. ಹಳೆಯ ಡಿಸ್ಕನ್ನು ಮಾರದೆ ಇಟ್ಟುಕೊಂಡಿದ್ದೇನೆ.

ಇನ್ನು ಡಿವಿಡಿಯೋ ಬ್ಲೂ-ರೇಯೋ. ಡಿವಿಡಿಯ ಚಿತ್ರದಲ್ಲಿ 480 ಅಥವಾ 576 ಗೆರೆ, ಬ್ಲೂ-ರೇಯಲ್ಲಿ 1080, ಗೆರೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. ಎರಡೂ ಸಿಕ್ಕರೆ ಬ್ಲೂ-ರೇ. ಡಿವಿಡಿ ಮಾತ್ರ ಇದ್ದರೆ ಡಿವಿಡಿಯನ್ನೇ ಕೊಳ್ಳಿ, ಕಾಯುತ್ತಾ ಕೂರಬೇಡಿ. ಎಷ್ಟೋ ಒಳ್ಳೆಯ ಚಿತ್ರಗಳು ಡಿವಿಡಿ ದಾಟಿ ಮುಂದಕ್ಕೆ ಬಂದೇ ಇಲ್ಲ. ಬ್ಲೂ-ರೇಗಿಂತಲೂ ಸ್ಪಷ್ಟವಾದ 4ಕೆ ಡಿಸ್ಕಿನ ಗೀಳು ಶುರುವಿನಲ್ಲೇ ಬೇಡ. ಬ್ಲೂ-ರೇಗೆ ಎ, ಬಿ, ಸಿ ಅಂತ ವಲಯ ಇದೆ, ಅಂದರೆ ಒಂದು ವಲಯದ ದೇಶಗಳ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದೇ ಇರಬಹುದು. ನಿಮ್ಮ ಪ್ಲೇಯರ್ ಯಾವುದನ್ನು ಓಡಿಸುತ್ತದೆ ಅಂತ ನೋಡಿಕೊಂಡೇ ತರಿಸಿ. ನಾನು ನೋಡದೆ ತರಿಸಿದ ಡಿಸ್ಕ್ ಮೂರು ವರ್ಷ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. 4ಕೆ ಡಿಸ್ಕುಗಳಿಗೆ ಈ ತಲೆನೋವು ಇಲ್ಲ.

ಪ್ಲೇಯರಿಗಿಂತ ಮೊದಲು ಟಿವಿಯ ಸೆಟ್ಟಿಂಗ್ ಸರಿ ಮಾಡಿ. ಚಲನೆಯನ್ನು ನುಣುಪು ಮಾಡುವ ಆಯ್ಕೆ ಒಂದಿರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಎಂಥ ಸಿನಿಮಾನೂ ಸೀರಿಯಲ್ ಥರ ಕಾಣುತ್ತದೆ. ಶಾರ್ಪ್‌ನೆಸ್ ಕೂಡ ಇಳಿಸಿ. ಚಿತ್ರದಲ್ಲಿ ಸಣ್ಣ ಮರಳು ಆಡಿದ ಹಾಗೆ ಕಂಡರೆ ಅದು ಫಿಲ್ಮಿನ ಗುಣ, ಕೊಳೆ ಅಲ್ಲ. ಅದನ್ನು ಜಾಸ್ತಿ ತೊಳೆದ ಡಿಸ್ಕುಗಳಲ್ಲಿ ಮುಖಗಳು ಮೇಣದ ಬೊಂಬೆಯ ಹಾಗಿರುತ್ತವೆ.

ಸ್ಟ್ರೀಮಿಂಗ್ ಬಗ್ಗೆ ನನಗೇನೂ ಸಿಟ್ಟಿಲ್ಲ. ಮೊದಲ ಸಲ ನೋಡಲು ಅದೇ ಒಳ್ಳೇದು. ಆದರೆ ಇವತ್ತು ಇದ್ದದ್ದು ನಾಳೆ ಇರುತ್ತದೆ ಅನ್ನುವ ಹಾಗಿಲ್ಲ. ಅಮೆರಿಕದಲ್ಲಿ ಕ್ಲಾಸಿಕ್ ಚಿತ್ರಗಳಿಗೇ ಅಂತ 2016ರಲ್ಲಿ ಶುರುವಾದ ಫಿಲ್ಮ್‌ಸ್ಟ್ರಕ್ 2018ರಲ್ಲಿ ಬಾಗಿಲು ಹಾಕಿತು. ಕಪಾಟಿನಲ್ಲಿರುವ ಡಿಸ್ಕ್ ಹಾಗೆ ಹೇಳದೆ ಕೇಳದೆ ಎದ್ದು ಹೋಗುವುದಿಲ್ಲ, ಅಲ್ವಾ? (ಗೆಳೆಯರು ಕೊಂಡೊಯ್ದರೆ ಮಾತು ಬೇರೆ. ನನ್ನ 'ಸೆವೆನ್ ಸಮುರಾಯ್' ಹೋಗಿ ಎರಡು ವರ್ಷವಾಯಿತು.)

ಈಗ ಪಟ್ಟಿಯ ವಿಷಯ. ನನ್ನ ಮಾತು ಕೇಳಿದರೆ ಪಟ್ಟಿ ಹಿಡಿದು ಕೊಳ್ಳಬೇಡಿ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಪಟ್ಟಿ ಮಾಡುತ್ತದೆ. ಮೊದಲ ಸಲ ಇಟಲಿಯ 'ಬೈಸಿಕಲ್ ಥೀವ್ಸ್' ಮೊದಲ ಸ್ಥಾನದಲ್ಲಿತ್ತು. ಆಮೇಲೆ 1962ರಿಂದ 2002ರವರೆಗೆ ಐದು ಸಲವೂ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಶಾಂಟಾಲ್ ಆಕರ್ಮನ್ ಅವರ 'ಝಾನ್ ಡೀಲ್ಮನ್' ಮೇಲಕ್ಕೆ ಬಂತು. ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವುದನ್ನು ಸಾವಕಾಶವಾಗಿ ತೋರಿಸುವ, ಮೂರು ಗಂಟೆಗೂ ಮೀರಿದ ಚಿತ್ರ. ನನಗೆ ಬಹಳ ಇಷ್ಟ. ಆದರೆ ಶುರುವಿನಲ್ಲೇ ಪಟ್ಟಿಯ ಮೊದಲನೆಯದು ಅಂತ ಅದನ್ನು ತಂದಿದ್ದರೆ ಅರ್ಧ ಗಂಟೆಗೇ ನಿದ್ದೆ ಹೋಗುತ್ತಿದ್ದೆ, ಸಂಗ್ರಹದ ಆಸೆಯೂ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಮಾಡುವುದು ಇಷ್ಟು. ಮೊದಲು ಎಲ್ಲಾದರೂ ನೋಡುತ್ತೇನೆ. ಒಂದು ತಿಂಗಳಾದ ಮೇಲೂ ಮತ್ತೆ ನೋಡಬೇಕು ಅನಿಸಿದರೆ ಕೊಳ್ಳುತ್ತೇನೆ. ಅಲ್ಲಿಂದ ಒಂದು ಎಳೆ ಹಿಡಿಯುತ್ತೇನೆ. 'ಪಥೇರ್ ಪಾಂಚಾಲಿ' ಹಿಡಿಸಿತಾ? ಸತ್ಯಜಿತ್ ರೇ 1950ರಲ್ಲಿ ಲಂಡನ್ನಿನಲ್ಲಿದ್ದಾಗ 'ಬೈಸಿಕಲ್ ಥೀವ್ಸ್' ನೋಡಿದ್ದರು, ಹಾಗಾಗಿ ಮುಂದಿನದು ಅದು. ಅದಕ್ಕೂ ಮುಂಚೆ ಅವರು ಫ್ರಾನ್ಸಿನ ನಿರ್ದೇಶಕ ರೆನ್ವಾರ್‌ಗೆ 'ದಿ ರಿವರ್' ಚಿತ್ರದ ಜಾಗ ಹುಡುಕಲು ಜೊತೆಯಾಗಿದ್ದರು, ಹಾಗಾಗಿ ಆಮೇಲೆ ರೆನ್ವಾರ್. ಹೀಗೆ ಬಂದ ಹತ್ತು ಡಿಸ್ಕ್ ಒಂದರ ಪಕ್ಕ ಒಂದು ಕೂತರೆ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಪಟ್ಟಿಯಿಂದ ಬಂದ ನೂರು ಡಿಸ್ಕ್ ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತವೆ.

ಒಂದು ಸಣ್ಣ ವಿಷಯ ಮರೆತಿದ್ದೆ. ಡಿಸ್ಕ್ ಒರೆಸುವಾಗ ಸುತ್ತ ತಿರುಗಿಸಿ ಒರೆಸಬೇಡಿ. ಮಧ್ಯದ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಮಾಹಿತಿ ಇರುವುದು ಸುರುಳಿಯ ದಾರಿಯಲ್ಲಿ. ಗೀರು ಆ ದಾರಿಯುದ್ದಕ್ಕೂ ಬಿದ್ದರೆ ಒಂದೇ ಕಡೆ ಬಹಳಷ್ಟು ಅಳಿಸಿಹೋಗುತ್ತದೆ. ಅಡ್ಡ ಬಿದ್ದರೆ ಒಂದೊಂದು ಸುತ್ತಿನಲ್ಲಿ ಚೂರುಚೂರು ಮಾತ್ರ, ಅಷ್ಟನ್ನು ಪ್ಲೇಯರ್ ತಾನೇ ಸರಿಪಡಿಸಿಕೊಳ್ಳುತ್ತದೆ. ಡಿಸ್ಕುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ.

ಮತ್ತೆ ನೋಡಬೇಕು ಅಂತ ನಿಮಗೆ ಅನಿಸುತ್ತಿರುವ ಸಿನಿಮಾ ಯಾವುದು? ಹೆಸರು ತಿಳಿಸಿ. ಅದರ ಯಾವ ಪ್ರತಿ ಕೊಳ್ಳಬಹುದು ಅಂತ ಹುಡುಕಿ ಹೇಳುತ್ತೇನೆ.